ವೀಕ್ಷಣಾಲಯದ ಗೇಟಿನ ಹೊರಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟು ತುಂಬದ ಮಗನನ್ನು ಪೊಲೀಸರು ಕರೆದುಕೊಂಡು ಹೋದರೆ, ಮನೆಯವರ ಕಿವಿಗೆ ಮೊದಲು ಬೀಳುವುದು ಬೀದಿಯವರ ಮಾತು. "ಇನ್ನು ಮೂರು ವರ್ಷ ಹೊರಗೆ ಬರಲ್ಲ ಬಿಡಿ" ಅಂತ ಒಬ್ಬರು ಹೆದರಿಸುತ್ತಾರೆ. "ಚಿಕ್ಕ ಹುಡುಗ ಅಲ್ವಾ, ನಾಳೆ ಬಿಟ್ಟು ಕಳಿಸ್ತಾರೆ" ಅಂತ ಇನ್ನೊಬ್ಬರು ಸಮಾಧಾನ ಹೇಳುತ್ತಾರೆ. ಎರಡನ್ನೂ ಪೂರ್ತಿ ನಂಬಬೇಡಿ.

ಇಲ್ಲಿರುವ ಉತ್ತರಗಳಿಗೆ ಆಧಾರ 2015ರ ಬಾಲ ನ್ಯಾಯ ಕಾಯ್ದೆ ಮತ್ತು ಅದರ 2016ರ ಮಾದರಿ ನಿಯಮಗಳು. ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. 2021ರಲ್ಲಿ ಒಮ್ಮೆ ತಿದ್ದುಪಡಿಯಾಯಿತು. ಕಾಯ್ದೆ ಇಡೀ ದೇಶಕ್ಕೆ ಒಂದೇ. ಕಟ್ಟಡಗಳ ಹೆಸರು, ಇಲಾಖೆಯ ಹೆಸರು ಮಾತ್ರ ನಮ್ಮ ಕರ್ನಾಟಕದ್ದು.

ರಿಮಾಂಡ್ ಹೋಮ್, ಬಾಲಮಂದಿರ, ವೀಕ್ಷಣಾಲಯ ಎಲ್ಲ ಒಂದೇನಾ?

ಅಲ್ಲ. ಜನ ಎಲ್ಲವನ್ನೂ 'ರಿಮಾಂಡ್ ಹೋಮ್' ಅಂತಲೇ ಕರೆಯುತ್ತಾರೆ. ಆಟೋದವರಿಗೂ ಆ ಹೆಸರೇ ಗೊತ್ತು. ಆದರೆ ಕಾಗದದ ಮೇಲೆ ಇವು ಬೇರೆ ಬೇರೆ. ನಿಮ್ಮ ಮಗು ಯಾವುದರಲ್ಲಿದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಬಾಲಮಂದಿರ ಇರುವುದು ಆರೈಕೆ, ರಕ್ಷಣೆ ಬೇಕಾದ ಮಕ್ಕಳಿಗೆ. ಅನಾಥರು, ಮನೆ ಬಿಟ್ಟು ಬಂದವರು, ದುಡಿಮೆಯಿಂದ ಬಿಡಿಸಿ ತಂದವರು, ಬಾಲ್ಯವಿವಾಹದಿಂದ ತಪ್ಪಿಸಿಕೊಂಡವರು ಅಲ್ಲಿರುತ್ತಾರೆ. ಅವರ ವಿಷಯ ನೋಡುವುದು ಮಕ್ಕಳ ಕಲ್ಯಾಣ ಸಮಿತಿ. ಆ ಮಕ್ಕಳು ಯಾವ ತಪ್ಪೂ ಮಾಡಿದವರಲ್ಲ. 'ಬಾಲಮಂದಿರದ ಹುಡುಗ' ಅಂದ ತಕ್ಷಣ ಹುಬ್ಬೇರಿಸುವವರು ಇದನ್ನು ಸ್ವಲ್ಪ ನೆನಪಿಡಬೇಕು.

ವೀಕ್ಷಣಾಲಯ ಇರುವುದು ಅಪರಾಧದ ಆರೋಪ ಬಂದಿರುವ, ವಿಚಾರಣೆ ಇನ್ನೂ ಮುಗಿಯದ ಮಕ್ಕಳಿಗೆ. ಬೆಂಗಳೂರಿನಲ್ಲಿ ಮಡಿವಾಳದ ಬಾಲಕರ ವೀಕ್ಷಣಾಲಯ ಎಲ್ಲರಿಗೂ ಗೊತ್ತಿರುವುದು. ಹಳೆಯ 'ರಿಮಾಂಡ್ ಹೋಮ್' ಅನ್ನುವ ಹೆಸರು ನಿಜವಾಗಿ ಸಲ್ಲುವುದು ಇದಕ್ಕೇ.

ವಿಚಾರಣೆ ಮುಗಿದು, ತಪ್ಪು ಮಾಡಿದ್ದು ಹೌದು ಅಂತ ತೀರ್ಮಾನವಾದ ಮೇಲೆ ಕಳಿಸುವುದು ವಿಶೇಷ ಗೃಹಕ್ಕೆ. ಹದಿನಾರು ದಾಟಿ ಘೋರ ಅಪರಾಧದ (ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವಂಥದ್ದು) ಆರೋಪ ಹೊತ್ತವರಿಗೆ, ಮತ್ತು ಪ್ರಕರಣ ನಡೆಯುವಾಗಲೇ ಹದಿನೆಂಟು ದಾಟಿದವರಿಗೆ 'ಸುರಕ್ಷತಾ ಸ್ಥಳ' ಅಂತ ಇನ್ನೊಂದು ವ್ಯವಸ್ಥೆ ಇದೆ. ಇಪ್ಪತ್ತು ವರ್ಷದವನನ್ನು ಹದಿಮೂರರ ಹುಡುಗನ ಪಕ್ಕ ಮಲಗಿಸಬಾರದು ಅನ್ನುವುದು ಅದರ ಹಿಂದಿನ ಯೋಚನೆ.

ಏನೇ ಹೆಸರಿಟ್ಟರೂ ಬೀಗ ಹಾಕುತ್ತಾರಲ್ಲ. ಹಾಗಾದರೆ ಜೈಲೇ ಅಲ್ವಾ?

ಬೀಗ ಇದೆ, ಎತ್ತರದ ಗೋಡೆ ಇದೆ, ಕಾವಲಿನವರೂ ಇದ್ದಾರೆ. ಮಗುವಿನ ಕಣ್ಣಿಗೆ ಅದು ಜೈಲಿನ ಹಾಗೇ ಕಾಣುತ್ತದೆ. ಇದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ.

ವ್ಯತ್ಯಾಸ ಇರುವುದು ಒಳಗಿನ ಲೆಕ್ಕದಲ್ಲಿ. ಜೈಲು ಕಾರಾಗೃಹ ಇಲಾಖೆಯದು. ವೀಕ್ಷಣಾಲಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಇಲ್ಲಿ ಜೈಲರ್ ಇಲ್ಲ, ಅಧೀಕ್ಷಕರು ಇರುತ್ತಾರೆ. ಕೈದಿ ಸಂಖ್ಯೆ ಇಲ್ಲ, ಬೇಡಿ ಇಲ್ಲ. ಪ್ರತಿ ಮಗುವಿಗೂ ಒಂದು ವೈಯಕ್ತಿಕ ಆರೈಕೆ ಯೋಜನೆ ಬರೆಯಬೇಕು: ಓದು ಎಲ್ಲಿಗೆ ನಿಂತಿದೆ, ಆರೋಗ್ಯ ಹೇಗಿದೆ, ಚಟ ಇದೆಯಾ, ಮನೆಯಲ್ಲಿ ಯಾರಿದ್ದಾರೆ, ಮುಂದೇನು ಮಾಡಬಹುದು ಅಂತ. ಇನ್ನೊಂದು ಸಣ್ಣ ಸಂಗತಿ ಎಷ್ಟೋ ವಕೀಲರಿಗೂ ಗೊತ್ತಿರುವುದಿಲ್ಲ. ಮಗು ಅಲ್ಲಿಂದ ಓಡಿಹೋದರೆ ಹುಡುಕಿ ಕರೆತರುತ್ತಾರೆ, ಆದರೆ ಓಡಿಹೋಗಿದ್ದಕ್ಕೆ ಅಂತ ಅವನ ಮೇಲೆ ಹೊಸ ಪ್ರಕರಣ ಹೂಡುವಂತಿಲ್ಲ. ಜೈಲಿನಿಂದ ಓಡಿದವನ ಕಥೆ ಹೀಗಿರುವುದಿಲ್ಲ.

ಎಷ್ಟು ವಯಸ್ಸಿನವರಿಗೆ ಈ ಕಾನೂನು?

ಘಟನೆ ನಡೆದ ದಿನ ಹದಿನೆಂಟು ತುಂಬಿರಬಾರದು. ಪೊಲೀಸರು ಹಿಡಿದ ದಿನದ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ. ಹದಿನೇಳನೇ ವಯಸ್ಸಿನಲ್ಲಿ ನಡೆದ ವಿಷಯಕ್ಕೆ ಇಪ್ಪತ್ತರಲ್ಲಿ ಹಿಡಿದರೂ ಪ್ರಕರಣ ಮಕ್ಕಳ ಮೇಲಿನ ಆರೋಪಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಗೇ ಹೋಗಬೇಕು.

ಕೆಳಗಿನ ಮಿತಿಯೂ ಇದೆ. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅದು ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗೆ, ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರಲಿಲ್ಲ ಅಂದರೆ ಆಗಲೂ ಅಪರಾಧವಲ್ಲ. ಹಳೆಯ ದಂಡ ಸಂಹಿತೆಯಲ್ಲಿದ್ದ ಈ ಮಾತು ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ.

ಠಾಣೆಯಲ್ಲಿ ಹತ್ತೊಂಬತ್ತು ಅಂತ ಬರೆದುಕೊಂಡಿದ್ದಾರೆ. ನಿಜವಾದ ವಯಸ್ಸು ಹದಿನೇಳು. ಏನು ಮಾಡೋದು?

ಇದು ಬಹಳ ಮುಖ್ಯ. ವಯಸ್ಸು ತಪ್ಪಾಗಿ ಬರೆದರೆ ಹುಡುಗ ನೇರವಾಗಿ ದೊಡ್ಡವರ ಜೈಲಿಗೆ ಹೋಗುತ್ತಾನೆ. ನೋಡೋಕೆ ದೊಡ್ಡವನ ಹಾಗಿದ್ದಾನೆ, ಮೀಸೆ ಬಂದಿದೆ ಅನ್ನುವುದರ ಮೇಲೆಯೇ ಅಂದಾಜು ಹೊಡೆದಿರುವ ಸಂದರ್ಭಗಳಿವೆ.

ಮೊದಲು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ. ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ ಅಥವಾ ಬೇರೆ ವೈದ್ಯಕೀಯ ಪರೀಕ್ಷೆ. ಅದೂ ಆದೇಶವಾದ ಹದಿನೈದು ದಿನಗಳೊಳಗೆ ಮುಗಿಯಬೇಕು. ಈ ಪಟ್ಟಿಯಲ್ಲಿ ಆಧಾರ್ ಕಾರ್ಡಿನ ಹೆಸರೇ ಇಲ್ಲ. ಹಾಗಾಗಿ ಆಧಾರ್ ಒಂದನ್ನೇ ಹಿಡಿದುಕೊಂಡು ಓಡಬೇಡಿ, ಶಾಲೆಗೆ ಹೋಗಿ.

ಪ್ರಕರಣ ಎಷ್ಟೇ ಮುಂದೆ ಹೋಗಿದ್ದರೂ ಚಿಂತೆಯಿಲ್ಲ. 'ಆಗ ನಾನು ಚಿಕ್ಕವನಾಗಿದ್ದೆ' ಅಂತ ಯಾವ ಕೋರ್ಟಿನಲ್ಲಿ, ಯಾವ ಹಂತದಲ್ಲಿ ಬೇಕಾದರೂ ಹೇಳಬಹುದು. ತೀರ್ಪು ಬಂದ ಮೇಲೂ ಹೇಳಬಹುದು.

ಈಗಷ್ಟೇ ಕರೆದುಕೊಂಡು ಹೋಗಿದ್ದಾರೆ. ಮೊದಲು ಏನು ಮಾಡಲಿ?

ಠಾಣೆಗೆ ಹೋಗಿ. ದಾರಿಯಲ್ಲೇ ಯಾರಾದರೂ ಒಬ್ಬರನ್ನು ಶಾಲೆಯ ದಾಖಲೆ ತರೋಕೆ ಕಳಿಸಿ. ಠಾಣೆಯಲ್ಲಿ 'ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು' ಅಂತ ಕೇಳಿ. ಪ್ರತಿ ಠಾಣೆಯಲ್ಲೂ ಒಬ್ಬರಿರಬೇಕು. ಮಗುವಿನ ವಿಷಯ ನೋಡಿಕೊಳ್ಳಬೇಕಾದವರು ಅವರು.

ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಕೈಗೆ ಬೇಡಿ ಹಾಕುವಂತಿಲ್ಲ. ತಪ್ಪೊಪ್ಪಿಕೋ ಅಂತ ಬಲವಂತ ಮಾಡುವಂತಿಲ್ಲ. ಯಾವ ಹೇಳಿಕೆಗೂ ಸಹಿ ಹಾಕಿಸುವಂತಿಲ್ಲ. ವಿಚಾರಿಸುವಾಗ ನೀವು ಜೊತೆಗಿರಬಹುದು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 'ಇವತ್ತು ಮಂಡಳಿ ಸೇರಲ್ಲ, ಸೋಮವಾರ ನೋಡೋಣ' ಅನ್ನುವ ಉತ್ತರ ಒಪ್ಪಿಕೊಳ್ಳಬೇಡಿ. ಮಂಡಳಿ ಸೇರದ ದಿನ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದು: ಘೋರ ಅಪರಾಧ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ ಅಪರಾಧ ಬಿಟ್ಟರೆ, ಉಳಿದ ಪ್ರಕರಣಗಳಲ್ಲಿ ಮಗುವಿನ ಮೇಲೆ ಎಫ್‌ಐಆರ್ ಹಾಕಬಾರದು ಅಂತ ನಿಯಮವಿದೆ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ಸೇರಿಸಿ ಮಂಡಳಿಗೆ ಕಳಿಸಬೇಕು.

ದುಡ್ಡಿಲ್ಲ ಅಂತ ವಕೀಲರಿಲ್ಲದೆ ಇರಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಮಕ್ಕಳಿಗೆ ವಕೀಲರು ಉಚಿತವಾಗಿ ಸಿಗುತ್ತಾರೆ. ಸಹಾಯವಾಣಿ 15100. ಮಗುವಿಗೆ ತೊಂದರೆಯಾಗುತ್ತಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098.

ಬಾಲ ನ್ಯಾಯ ಮಂಡಳಿ ಅಂದರೆ ಕೋರ್ಟಾ?

ಅಧಿಕಾರ ಕೋರ್ಟಿನದು, ರೂಪ ಬೇರೆ. ಮೂರು ಜನ ಇರುತ್ತಾರೆ: ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಆಗಿರಬೇಕು. ಎತ್ತರದ ಪೀಠ, ಕಟಕಟೆ ಇರಬಾರದು. ಪೊಲೀಸರು ಸಮವಸ್ತ್ರದಲ್ಲಿ ಮಗುವಿನ ಜೊತೆ ಬರಬಾರದು.

ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಬೇಕಾದರೆ ಕಾರಣ ಬರೆದು ಇನ್ನೆರಡು ತಿಂಗಳು. ಸಣ್ಣ ಅಪರಾಧವಾಗಿದ್ದು ಅಷ್ಟರಲ್ಲೂ ಮುಗಿಯದಿದ್ದರೆ ಪ್ರಕರಣವೇ ರದ್ದು. ಕಾಗದದಲ್ಲಿ ಹೀಗಿದೆ. ನಿಜದಲ್ಲಿ ವಿಚಾರಣೆಗಳು ಎಳೆದಾಡುತ್ತವೆ, ಸಾಕ್ಷಿ ಬರುವುದಿಲ್ಲ, ಸದಸ್ಯರ ಹುದ್ದೆ ಖಾಲಿ ಇರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಸಂಪೂರ್ಣಾ ಬೆಹುರಾ ಪ್ರಕರಣದ ತೀರ್ಪಿನಲ್ಲಿ ಖಾಲಿ ಹುದ್ದೆಗಳನ್ನು ತುಂಬಿ ಅಂತ ರಾಜ್ಯಗಳಿಗೆ ಹೇಳಬೇಕಾಗಿ ಬಂತು ಅಂದರೆ ಪರಿಸ್ಥಿತಿ ನೀವೇ ಊಹಿಸಿ.

ಜಾಮೀನು ಸಿಗುತ್ತದಾ?

ಸಾಮಾನ್ಯವಾಗಿ ಸಿಗಬೇಕು. ದೊಡ್ಡವರಿಗೆ 'ಜಾಮೀನು ಸಿಗುವ ಅಪರಾಧ, ಸಿಗದ ಅಪರಾಧ' ಅಂತ ವಿಂಗಡಣೆ ಇದೆಯಲ್ಲ, ಅದು ಮಕ್ಕಳಿಗೆ ಅನ್ವಯಿಸುವುದಿಲ್ಲ. ಶ್ಯೂರಿಟಿ ಇದ್ದೋ ಇಲ್ಲದೆಯೋ ಬಿಡಬಹುದು.

ಜಾಮೀನು ನಿರಾಕರಿಸೋಕೆ ಮೂರೇ ಕಾರಣ. ಬಿಟ್ಟರೆ ಮಗು ಗೊತ್ತಿರುವ ಅಪರಾಧಿಯ ಸಹವಾಸಕ್ಕೆ ಬೀಳುತ್ತದೆ. ಮಗುವಿಗೇ ನೈತಿಕವಾಗಿ, ದೈಹಿಕವಾಗಿ ಅಥವಾ ಮಾನಸಿಕವಾಗಿ ಅಪಾಯವಿದೆ. ಇಲ್ಲವೇ ನ್ಯಾಯದ ಉದ್ದೇಶವೇ ಕೆಡುತ್ತದೆ. 'ಅಪರಾಧ ದೊಡ್ಡದು' ಅನ್ನುವುದು ಈ ಪಟ್ಟಿಯಲ್ಲಿ ಇಲ್ಲ. ನಿರಾಕರಿಸಿದರೆ ಕಾರಣ ಬರೆದು ಕೊಡಬೇಕು. ಜಾಮೀನು ಸಿಕ್ಕಿಯೂ ಷರತ್ತು ಪೂರೈಸಲಾಗದೆ ಮಗು ಏಳು ದಿನ ಒಳಗೇ ಉಳಿದರೆ, ಷರತ್ತು ಸಡಿಲಿಸೋಕೆ ಅಂತ ಮತ್ತೆ ಮಂಡಳಿಯ ಮುಂದೆ ತರಬೇಕು. ಶ್ಯೂರಿಟಿ ಕೊಡೋಕೆ ಜಮೀನಿನ ಪಹಣಿ ಇಲ್ಲದ ಕೂಲಿಯವರು ಈ ಮಾತನ್ನು ವಕೀಲರಿಗೆ ಗಟ್ಟಿಯಾಗಿ ನೆನಪಿಸಿ.

ಪರಿವೀಕ್ಷಣಾಧಿಕಾರಿ ಮನೆಗೆ ಬಂದು ಏನೇನೋ ಕೇಳುತ್ತಿದ್ದಾರೆ. ಹೇಳಬೇಕಾ?

ಹೇಳಿ. ಇವರು ಪೊಲೀಸ್ ಅಲ್ಲ. ಪ್ರೊಬೇಷನ್ ಆಫೀಸರ್ ಅಂತ ಇವರನ್ನೇ ಕರೆಯುವುದು. ಎರಡು ವಾರದಲ್ಲಿ ಇವರು ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಯಲ್ಲಿ ಎಷ್ಟು ಜನ, ಆದಾಯ ಎಷ್ಟು, ಅಪ್ಪ ಕುಡಿಯುತ್ತಾರಾ, ಹುಡುಗ ಶಾಲೆ ಯಾಕೆ ಬಿಟ್ಟ, ಯಾರ ಜೊತೆ ಓಡಾಡುತ್ತಿದ್ದ ಎಲ್ಲ ಅದರಲ್ಲಿ ಬರುತ್ತದೆ.

ತುಂಬ ಮನೆಗಳಲ್ಲಿ ಈ ಹೊತ್ತಿಗೆ ಮಾನ ಉಳಿಸಿಕೊಳ್ಳೋಕೆ ನೋಡುತ್ತಾರೆ. 'ಎಲ್ಲ ಸರಿ ಇದೆ ಸಾರ್, ಹುಡುಗ ಒಳ್ಳೇವ್ನು, ಫ್ರೆಂಡ್ಸಿಂದ ಕೆಟ್ಟ' ಅಂತ ಒಂದೇ ಮಾತು. ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಹೊಡೆತ ಇದೆ, ಸೊಲ್ಯೂಷನ್ (ಪಂಕ್ಚರ್ ಅಂಟು) ಮೂಸುವ ಅಥವಾ ಗಾಂಜಾ ಚಟ ಇದೆ ಅನ್ನುವುದು ವರದಿಗೆ ಬರದಿದ್ದರೆ, ಅದಕ್ಕೆ ಬೇಕಾದ ಸಹಾಯವೂ ಯೋಜನೆಗೆ ಬರುವುದಿಲ್ಲ. ಮೂರು ತಿಂಗಳಾದ ಮೇಲೆ ಹುಡುಗ ಅದೇ ಮನೆಗೆ, ಅದೇ ಓಣಿಗೆ ವಾಪಸ್ ಬರುತ್ತಾನೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಮಗುವಿನ ಮುಂದಿನ ದಾರಿಯನ್ನು ಹೆಚ್ಚು ನಿರ್ಧರಿಸುವ ಕಾಗದ ಇದೇ. ಆದರೂ ಎಲ್ಲರೂ ಅವಸರದಲ್ಲಿ ಬರೆಯುವುದೂ ಇದನ್ನೇ.

ಒಳಗೆ ದಿನ ಹೇಗೆ ಕಳೆಯುತ್ತದೆ?

ಬೆಳಗ್ಗೆ ಬೇಗ ಏಳುವುದು, ಸ್ನಾನ, ಪ್ರಾರ್ಥನೆ ಅಥವಾ ಯೋಗ, ತಿಂಡಿ. ಆಮೇಲೆ ತರಗತಿ ಅಥವಾ ತರಬೇತಿ. ಮಧ್ಯಾಹ್ನ ಊಟ, ಸಂಜೆ ಆಟ, ಟಿವಿ, ರಾತ್ರಿ ಊಟ, ಬೇಗ ಮಲಗುವುದು. ಆಪ್ತಸಮಾಲೋಚಕರು ವಾರದಲ್ಲಿ ಕೂತು ಮಾತಾಡುತ್ತಾರೆ. ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇರುವುದು ನಮಗೊಂದು ಅನುಕೂಲ. ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ ಮಕ್ಕಳ ಮನಸ್ಸಿನ ಆರೈಕೆಯ ಬಗ್ಗೆ ಅಲ್ಲಿನ ಮಕ್ಕಳ ಮನೋವೈದ್ಯ ವಿಭಾಗ ವರ್ಷಗಟ್ಟಲೆ ಕೆಲಸ ಮಾಡಿದೆ.

ಮಕ್ಕಳದೇ ಸಮಿತಿ ಇರಬೇಕು, ದೂರಿನ ಪೆಟ್ಟಿಗೆ ಇರಬೇಕು ಅಂತೆಲ್ಲ ನಿಯಮವಿದೆ. ಪೆಟ್ಟಿಗೆ ಎಲ್ಲ ಕಡೆ ಇದೆ. ಅದರ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ನೋಡಬೇಕಾದ ವಿಷಯ.

ಒಳಗಿನ ದೊಡ್ಡ ಕಷ್ಟ ಏನು ಅಂತ ಹುಡುಗರನ್ನೇ ಕೇಳಿದರೆ ಊಟ ಅನ್ನಲ್ಲ, ಕೆಲಸ ಅನ್ನಲ್ಲ. 'ಟೈಮ್ ಹೋಗಲ್ಲ ಅಣ್ಣ' ಅನ್ನುತ್ತಾರೆ. ಮುಂದಿನ ತಾರೀಖು ಯಾವಾಗ, ಅಮ್ಮ ಈ ಸಲ ಬರ್ತಾಳಾ ಇಲ್ವಾ, ಅಷ್ಟೇ ತಲೆಯಲ್ಲಿ ಸುತ್ತುತ್ತಿರುತ್ತದೆ. ಭೇಟಿಯ ದಿನ ತಪ್ಪಿಸಬೇಡಿ. ದೂರದ ಊರಾದರೆ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತದೆ, ನಿಜ. ಆದರೂ ಬನ್ನಿ.

ಒಳಗೆ ಹೊಡೆಯುತ್ತಾರಾ?

ಹೊಡೆಯುವಂತಿಲ್ಲ. ಮಕ್ಕಳ ಸಂಸ್ಥೆಯಲ್ಲಿ ದೈಹಿಕ ಶಿಕ್ಷೆ ಕೊಟ್ಟರೆ ಮೊದಲ ಸಲ ಹತ್ತು ಸಾವಿರ ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು. ಕ್ರೌರ್ಯ ಅನ್ನುವ ಮಟ್ಟಕ್ಕೆ ಹೋದರೆ ಸಿಬ್ಬಂದಿಗೆ ಐದು ವರ್ಷದವರೆಗೆ ಶಿಕ್ಷೆ, ಐದು ಲಕ್ಷದವರೆಗೆ ದಂಡ ಇದೆ.

ಸಿಬ್ಬಂದಿಗಿಂತ ಜಾಸ್ತಿ ಕಾಡುವುದು ದೊಡ್ಡ ಹುಡುಗರ ದಬ್ಬಾಳಿಕೆ. ಭೇಟಿಯಲ್ಲಿ ಮಗು ಸುಮ್ನೆ ಕೂತರೆ, ತೋಳು ಮುಚ್ಚಿಕೊಂಡರೆ ಗಮನಿಸಿ. ಅನುಮಾನ ಬಂದರೆ ಅಧೀಕ್ಷಕರಿಗೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. ಮಂಡಳಿಗೆ ಬರೆದು ಕೊಡಿ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು.

ಹುಡುಗಿಯರನ್ನು ಎಲ್ಲಿ ಇಡುತ್ತಾರೆ?

ಅವರಿಗೆ ಬೇರೆಯೇ ಗೃಹ, ಮಹಿಳಾ ಸಿಬ್ಬಂದಿ. ಸಂಖ್ಯೆ ಹುಡುಗರಿಗಿಂತ ತುಂಬ ಕಡಿಮೆ. ಅದರಿಂದಲೇ ಒಂದು ತೊಂದರೆ: ಎಲ್ಲ ಜಿಲ್ಲೆಯಲ್ಲೂ ಅವರಿಗೆ ಗೃಹ ಇರುವುದಿಲ್ಲ, ಮನೆಯಿಂದ ದೂರವಾಗುತ್ತಾರೆ.

ಏನು ಮಾಡಿದರೂ ಮೂರೇ ವರ್ಷ ಅಂತೆ. ಹೌದಾ?

ಈ ಮಾತು ಹುಟ್ಟಿದ್ದು 2012ರ ಡಿಸೆಂಬರ್‌ನ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದಿಂದ. ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಆಗಿದ್ದ 2000ದ ಕಾಯ್ದೆಯ ಪ್ರಕಾರ ಮೂರು ವರ್ಷವೇ ಗರಿಷ್ಠ. ಅವನು ಹೊರಗೆ ಬಂದಿದ್ದು 2015ರ ಡಿಸೆಂಬರ್ 20ಕ್ಕೆ. ದೇಶದಲ್ಲಿ ಸಿಟ್ಟು ಕುದಿಯುತ್ತಿತ್ತು. ಎರಡೇ ದಿನದಲ್ಲಿ, ಡಿಸೆಂಬರ್ 22ಕ್ಕೆ, ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ಹೊಸ ಕಾಯ್ದೆ ಅಪರಾಧಗಳನ್ನು ಮೂರು ಭಾಗ ಮಾಡಿತು. ಗರಿಷ್ಠ ಮೂರು ವರ್ಷದವರೆಗಿನ ಶಿಕ್ಷೆ ಇದ್ದರೆ ಸಣ್ಣ ಅಪರಾಧ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಘೋರ. ನಡುವಿನವು ಗಂಭೀರ. ಗರಿಷ್ಠ ಏಳಕ್ಕಿಂತ ಜಾಸ್ತಿ ಇದ್ದು ಕನಿಷ್ಠ ಏನೂ ಹೇಳದ ಅಪರಾಧಗಳನ್ನು ಎಲ್ಲಿಗೆ ಸೇರಿಸುವುದು ಅಂತ ಗೊಂದಲವಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಗಂಭೀರದ ಪಟ್ಟಿಗೆ ಹಾಕಿತು, 2021ರ ತಿದ್ದುಪಡಿಯಲ್ಲೂ ಹಾಗೇ ಬಂತು.

ಸಣ್ಣ ಮತ್ತು ಗಂಭೀರ ಅಪರಾಧಗಳಿಗೆ, ಹಾಗೂ ಹದಿನಾರರೊಳಗಿನವರು ಏನೇ ಮಾಡಿದ್ದರೂ, ಈಗಲೂ ಮೂರು ವರ್ಷವೇ ಮಿತಿ. ಅದೂ ಕೊನೆಯ ದಾರಿ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ದಂಡ ಕಟ್ಟಿಸಬಹುದು, ಪರಿವೀಕ್ಷಣೆಯಲ್ಲಿ ಅಪ್ಪ ಅಮ್ಮನ ಹತ್ತಿರವೇ ಬಿಡಬಹುದು.

ಹದಿನಾರರಿಂದ ಹದಿನೆಂಟರ ನಡುವೆ ಘೋರ ಅಪರಾಧದ ಆರೋಪ ಇದ್ದರೆ ಕಥೆ ಬೇರೆ. ಮಂಡಳಿ ಮೊದಲು 'ಪ್ರಾಥಮಿಕ ಮೌಲ್ಯಮಾಪನ' ಮಾಡುತ್ತದೆ. ಹುಡುಗನ ಮಾನಸಿಕ ಸಾಮರ್ಥ್ಯ, ದೈಹಿಕ ಸಾಮರ್ಥ್ಯ, ಪರಿಣಾಮ ಅರ್ಥಮಾಡಿಕೊಳ್ಳುವ ಶಕ್ತಿ, ಯಾವ ಸಂದರ್ಭದಲ್ಲಿ ನಡೆಯಿತು, ಈ ನಾಲ್ಕನ್ನು ನೋಡುತ್ತದೆ. ಅವನು ತಪ್ಪು ಮಾಡಿದ್ದಾನಾ ಅಂತ ಇಲ್ಲಿ ನೋಡುವುದಿಲ್ಲ. ದೊಡ್ಡವನ ಹಾಗೆ ವಿಚಾರಣೆಯಾಗಬೇಕು ಅನ್ನಿಸಿದರೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಶಿಕ್ಷೆ ಮೂರು ವರ್ಷ ದಾಟಬಹುದು. ಗಲ್ಲು ಇಲ್ಲ. ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯೂ ಇಲ್ಲ. ಶಿಕ್ಷೆ ಎಷ್ಟೇ ಇರಲಿ, 21 ತುಂಬುವವರೆಗೆ ಸುರಕ್ಷತಾ ಸ್ಥಳದಲ್ಲೇ ಇಡಬೇಕು. 21ಕ್ಕೆ ನ್ಯಾಯಾಲಯ ಮತ್ತೆ ನೋಡುತ್ತದೆ: ಬದಲಾಗಿದ್ದಾನಾ? ಹೌದಾದರೆ ಬಿಡಬಹುದು, ಇಲ್ಲದಿದ್ದರೆ ಉಳಿದ ಶಿಕ್ಷೆಗೆ ಜೈಲಿಗೆ ಕಳಿಸಬಹುದು.

ಈ ಮೌಲ್ಯಮಾಪನಕ್ಕೆ ಇರುವ ಮೂರು ತಿಂಗಳಲ್ಲಿ, ಕೆಲವು ಗಂಟೆಗಳ ಮಾತುಕತೆಯಲ್ಲಿ, ಒಬ್ಬ ಹುಡುಗ ಆ ರಾತ್ರಿ ಏನು ಅರ್ಥಮಾಡಿಕೊಂಡಿದ್ದ ಅಂತ ಅಳೆಯೋಕಾಗುತ್ತದಾ? ನನಗೆ ಈ ಬಗ್ಗೆ ದೊಡ್ಡ ಅನುಮಾನವಿದೆ. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದು ನಾಜೂಕಿನ ಕೆಲಸ, ಮಂಡಳಿಯಲ್ಲಿ ಮನಶ್ಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಅಂದಿತು.

ಪ್ರೀತಿಸಿ ಓಡಿಹೋದ ಹುಡುಗನ ಮೇಲೂ ಇಷ್ಟೆಲ್ಲಾನಾ?

ದುರದೃಷ್ಟಕ್ಕೆ ಹೌದು. ಹುಡುಗನಿಗೆ ಹದಿನೇಳು, ಹುಡುಗಿಗೆ ಹದಿನಾರು. ಇಬ್ಬರೂ ಒಪ್ಪಿಯೇ ಹೋದರು. ಹುಡುಗಿಯ ಮನೆಯವರು ದೂರು ಕೊಟ್ಟರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟರೊಳಗಿನ ಒಪ್ಪಿಗೆಗೆ ಬೆಲೆಯಿಲ್ಲ. ಲೈಂಗಿಕ ಸಂಪರ್ಕ ಆಗಿದ್ದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ ಹತ್ತು ವರ್ಷ. ಅಲ್ಲಿಗೆ ಅದು 'ಘೋರ' ಅಪರಾಧದ ಪಟ್ಟಿಗೆ ತಾನಾಗೇ ಸೇರಿತು. ಕಾನೂನಿನ ಕಣ್ಣಲ್ಲಿ ಇಬ್ಬರೂ ಮಕ್ಕಳೇ, ಆದರೆ ಒಬ್ಬ ಆರೋಪಿ, ಇನ್ನೊಬ್ಬಳು ಸಂತ್ರಸ್ತೆ. ಬಲಾತ್ಕಾರದ ಪ್ರಕರಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮಂಡಳಿಗೆ ಕಾಣಬೇಕಾದರೆ, ಪರಿವೀಕ್ಷಣಾಧಿಕಾರಿಯ ವರದಿಯಲ್ಲಿ ಪೂರ್ತಿ ಸಂಗತಿ ಬರಬೇಕು. ಅದಕ್ಕೇ ಮೇಲೆ ಅಷ್ಟು ಒತ್ತಿ ಹೇಳಿದ್ದು.

ನಮ್ಮ ಹುಡುಗನನ್ನು ಏರಿಯಾದ ದೊಡ್ಡವರು ಬಳಸಿಕೊಂಡರು. ಅವರಿಗೇನೂ ಇಲ್ವಾ?

ಇದೆ. ಮಕ್ಕಳನ್ನು ಅಪರಾಧಕ್ಕೆ ಬಳಸುವವರಿಗೆ ಬಾಲ ನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕನಿಷ್ಠ ಮೂರು, ಗರಿಷ್ಠ ಹತ್ತು ವರ್ಷ. ಮಕ್ಕಳಿಗೆ ಮದ್ಯ, ಮಾದಕ ಪದಾರ್ಥ ಕೊಡುವುದೂ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧ. 'ನೀನು ಮೈನರ್, ಏನೂ ಆಗಲ್ಲ' ಅಂತ ಹೇಳಿ ಗಾಂಜಾ ಪೊಟ್ಟಣ ಕೊಟ್ಟು ಕಳಿಸುವವರು ಎಲ್ಲ ಊರಲ್ಲೂ ಇದ್ದಾರೆ. ವಕೀಲರಿಗೆ ಆ ಹೆಸರು ಹೇಳೋಕೆ ಹೆದರಬೇಡಿ.

ಒಳಗೆ ಹೋಗಿ ಇನ್ನೂ ಕೆಟ್ಟು ಬರಲ್ವಾ?

ಬರಬಹುದು. ಸೈಕಲ್ ಕದ್ದವನು ಬೈಕ್ ಲಾಕ್ ಒಡೆಯುವುದನ್ನು ಕಲಿತು ಬರುವ ಅಪಾಯ ಇದ್ದೇ ಇದೆ. ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಆಗಬೇಕು ಅಂತ ಕಾಯ್ದೆಯೇ ಹೇಳುವುದು ಇದೇ ಕಾರಣಕ್ಕೆ. ವಯಸ್ಸು ಮತ್ತು ಅಪರಾಧದ ತೀವ್ರತೆ ನೋಡಿ ಬೇರೆ ಬೇರೆ ಇಡಬೇಕು ಅಂತಲೂ ಇದೆ. ಜಾಗ ಇಲ್ಲದ ಕಡೆ ಅದು ನಡೆಯುವುದಿಲ್ಲ.

ದೇಶದ ಲೆಕ್ಕ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಮಕ್ಕಳೇ ಆರೋಪಿಗಳಾಗಿ ದಾಖಲಾದ ಪ್ರಕರಣಗಳು 30,555. ಸಿಕ್ಕಿಬಿದ್ದವರಲ್ಲಿ ಮುಕ್ಕಾಲಿಗೂ ಹೆಚ್ಚು ಜನ ಹದಿನಾರರಿಂದ ಹದಿನೆಂಟರವರು. ಅಂದರೆ ಹೆಚ್ಚಿನವರು ಶಾಲೆ ಬಿಟ್ಟು, ಕೆಲಸ ಸರಿಯಾಗಿ ಸಿಗದೆ, ನಡುವೆ ತೇಲುವ ವಯಸ್ಸಿನವರು.

ಹಾಗಾದರೆ ಸರಿಹೋಗುವುದು ಹೇಗೆ? ಕೌನ್ಸೆಲಿಂಗ್‌ನಿಂದ ಆಗುತ್ತಾ?

ಬರೀ ಬುದ್ಧಿವಾದದಿಂದ ಆಗಲ್ಲ. 'ಇನ್ನು ಮೇಲೆ ಒಳ್ಳೆಯವನಾಗಿರು' ಅಂತ ಎಲ್ಲರೂ ಹೇಳುತ್ತಾರೆ. ಅವನೂ ತಲೆಯಾಡಿಸುತ್ತಾನೆ. ಸಿಟ್ಟು ಬಂದಾಗ ಮೈಯಲ್ಲಿ ಏನಾಗುತ್ತದೆ, ಗೆಳೆಯರು ಕರೆದಾಗ ಬೇಡ ಅಂತ ಹೇಗೆ ಹೇಳುವುದು, ನನ್ನಿಂದ ನೋವಾದವರ ಜಾಗದಲ್ಲಿ ನಿಂತರೆ ಹೇಗಿರುತ್ತದೆ, ಇವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕು. ಚಟ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ನಿಂತಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಅಥವಾ ಮುಕ್ತ ಶಾಲೆಯ ಮೂಲಕ ಪರೀಕ್ಷೆ ಕಟ್ಟಿಸಬಹುದು.

ಹೊಲಿಗೆ, ಮರಗೆಲಸ, ಕಂಪ್ಯೂಟರ್ ತರಬೇತಿ ಅನ್ನುವುದು ಎಲ್ಲ ಕಡೆ ಇದ್ದದ್ದೇ. ಹೊರಗೆ ಆ ಕೆಲಸಕ್ಕೆ ಸಂಬಳ ಸಿಗುತ್ತದಾ ಅಂತ ಕೇಳುವವರು ಕಡಿಮೆ. ಹುಡುಗರು ಕೇಳುವುದು ಎಸಿ ರಿಪೇರಿ, ಮೊಬೈಲ್ ರಿಪೇರಿ, ಡ್ರೈವಿಂಗ್.

ಹೊರಗೆ ಬಂದ ಮೇಲೆ ಶಾಲೆಗೆ ಸೇರಿಸಿಕೊಳ್ಳುತ್ತಾರಾ? ಸಹಾಯ ಇದೆಯಾ?

ಮೊದಲ ತಿಂಗಳೇ ಕಷ್ಟದ್ದು. ಶಾಲೆಯವರು 'ಟಿಸಿ ತಗೊಂಡು ಹೋಗಿ' ಅನ್ನಬಹುದು. ಹಳೇ ಗ್ಯಾಂಗ್ ಮನೆ ಮುಂದೆ ಹಾರ್ನ್ ಹೊಡೆಯಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅನುಪಾಲನೆಯ (ಬಿಡುಗಡೆಯ ನಂತರ ಮಗುವಿನ ಮೇಲೆ ನಿಗಾ ಇಟ್ಟು ನೆರವಾಗುವುದು) ಬಗ್ಗೆ ಕೇಳಿ. ಬಡ ಕುಟುಂಬವಾದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ (ಸ್ಪಾನ್ಸರ್‌ಶಿಪ್) ಇದೆ. ಅರ್ಹರಾದರೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹದಿನೆಂಟು ತುಂಬಿ ಹೊರಬಂದು ಆಸರೆಯಿಲ್ಲದವರಿಗೆ 21ರವರೆಗೆ ನಂತರದ ಆರೈಕೆಯ ಅವಕಾಶವೂ ಇದೆ.

ಸಾಧ್ಯವಿದ್ದರೆ ಸ್ವಲ್ಪ ದಿನ ಅಜ್ಜಿ ಮನೆಗೋ ಸೋದರಮಾವನ ಮನೆಗೋ ಕಳಿಸುವುದು ನಮ್ಮಲ್ಲಿ ಹಳೆಯ ಉಪಾಯ. ಮಂಡಳಿಗೆ, ಪರಿವೀಕ್ಷಣಾಧಿಕಾರಿಗೆ ಹೇಳಿಯೇ ಕಳಿಸಿ. ಹೇಳದೆ ಕಳಿಸಿದರೆ ತಪ್ಪಿಸಿಕೊಂಡ ಅಂತಾಗುತ್ತದೆ.

ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ತೊಂದರೆಯಾಗುತ್ತಾ?

ಆಗಬಾರದು. ಬಾಲ್ಯದ ಪ್ರಕರಣದಿಂದ ಯಾವ ಅನರ್ಹತೆಯೂ ಬರಬಾರದು ಅಂತ 24ನೇ ಸೆಕ್ಷನ್ ಹೇಳುತ್ತದೆ. ಮೇಲ್ಮನವಿಯ ಅವಧಿ ಅಥವಾ ನಿಗದಿತ ಕಾಲ ಮುಗಿದ ಮೇಲೆ ದಾಖಲೆಗಳನ್ನು ನಾಶ ಮಾಡಬೇಕು. ಮುಗಿದ ಪ್ರಕರಣವನ್ನು ಪೊಲೀಸರು ನಡತೆ ಪ್ರಮಾಣಪತ್ರದಲ್ಲಿ ತೋರಿಸುವಂತಿಲ್ಲ. ಹದಿನಾರು ದಾಟಿ, ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವನ ಹಾಗೆ ವಿಚಾರಣೆಯಾಗಿ ತಪ್ಪಿತಸ್ಥ ಅಂತಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ.

ಊರಿನ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದ್ದಾರೆ. ಏನು ಮಾಡಬಹುದು?

ಮಗುವಿನ ಹೆಸರು, ಫೋಟೋ, ಶಾಲೆ, ವಿಳಾಸ, ಗುರುತು ಸಿಗುವ ಯಾವುದನ್ನೂ ಪತ್ರಿಕೆ, ಟಿವಿ, ಮೊಬೈಲ್ ಎಲ್ಲೂ ಹಾಕುವಂತಿಲ್ಲ. ಶಿಕ್ಷೆ ಆರು ತಿಂಗಳವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮಂಡಳಿಗೆ ತೋರಿಸಿ.

ನಮ್ಮ ಮಗುವಿಗೆ ಹೊಡೆದ ಹುಡುಗನಿಗೆ ಇಷ್ಟೆಲ್ಲ ಅನುಕೂಲ. ನಮಗೇನು?

ಈ ಪ್ರಶ್ನೆ ಕೇಳುವವರ ಮುಂದೆ ಸುಧಾರಣೆಯ ಪಾಠ ಹೇಳೋಕೆ ನನಗೆ ಬಾಯಿ ಬರುವುದಿಲ್ಲ. ನಿಮಗೆ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಪರಿಹಾರ ಕೇಳುವ ಹಕ್ಕಿದೆ. ಮಂಡಳಿಯ ಆದೇಶ ತಪ್ಪು ಅನ್ನಿಸಿದರೆ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆಯಾ ಅಂತ ವಕೀಲರನ್ನು ಕೇಳಿ. ನಿಮ್ಮ ನೋವು ದಾಖಲಾಗಲಿ. ಆ ಹುಡುಗನ ಜೊತೆ ಕೆಲಸ ಮಾಡುವವರಿಗೂ ಅವನು ಏನು ಮಾಡಿದ ಅಂತ ನೆಟ್ಟಗೆ ಗೊತ್ತಿರಬೇಕು.

ನಾಳೆ ಬಿಡುಗಡೆ. ಏನು ತೆಗೆದುಕೊಂಡು ಹೋಗಬೇಕು?

ಆದೇಶದ ಪ್ರತಿ, ನಿಮ್ಮ ಗುರುತಿನ ಚೀಟಿ, ಒಂದು ಜೊತೆ ಬಟ್ಟೆ. ಒಳಗೆ ಬರೆದ ಪರೀಕ್ಷೆಯ ಅಥವಾ ತರಬೇತಿಯ ಪ್ರಮಾಣಪತ್ರ ಇದ್ದರೆ ಕೇಳಿ ಪಡೆಯಿರಿ, ಆಮೇಲೆ ಅಂದರೆ ಸಿಗಲ್ಲ. ಮುಂದಿನ ತಾರೀಖು ಬರೆಸಿಕೊಳ್ಳಿ. ಕಾಗದದ ಕೆಲಸ ಮುಗಿಯುವುದಕ್ಕೆ ಸಂಜೆಯಾಗಬಹುದು, ಹುಡುಗ ಖುಷಿಗೋ ಭಯಕ್ಕೋ ಮಧ್ಯಾಹ್ನ ಸರಿಯಾಗಿ ಊಟ ಮಾಡಿರಲ್ಲ. ಹತ್ತಿರದ ಹೋಟೆಲಿನಲ್ಲಿ ಏನಾದರೂ ತಿನ್ನಿಸಿ. ಕೇಸಿನ ಮಾತು ಅವತ್ತು ಬೇಡ.